ಮಳೆ ಉಳಿಸದ ಮೂಳೆ: ಅಳಿದ ಪ್ರಾಣಿಯನ್ನು ಮತ್ತೆ ಹುಟ್ಟಿಸಬಹುದೇ?

ಆರಿದ್ರಾ ಮಳೆ ಹಿಡಿದು, ಎಲ್ಲೋ ಮರ ಬಿದ್ದು ಲೈನ್ ತುಂಡಾಗಿ, ಎರಡು ದಿನ ಕರೆಂಟ್ ಇಲ್ಲದಿದ್ದರೆ ಮಲೆನಾಡಿನ ಜಗುಲಿಗಳಲ್ಲಿ ಮಾತಿಗೆ ಬರದ ವಿಷಯವಿಲ್ಲ. ಅಡಿಕೆ ಕೊಳೆ, ಗಾಜನೂರು ಡ್ಯಾಮಿನ ಗೇಟು, ಘಾಟಿಯಲ್ಲಿ ಕುಸಿದ ಗುಡ್ಡ ಎಲ್ಲ ಆದ ಮೇಲೆ ಈಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ‘ಹತ್ತು ಸಾವಿರ ವರ್ಷದ ಹಿಂದೆ ಅಳಿದುಹೋದ ತೋಳ ಅಮೆರಿಕದಲ್ಲಿ ಮತ್ತೆ ಹುಟ್ಟಿದೆಯಂತೆ, ನಿಜವಾ? ಹಂಗಾದ್ರೆ ನಮ್ಮ ಕಾಡಲ್ಲಿ ಕಾಣೆಯಾಗಿದ್ದನ್ನೂ ತರಬಹುದಲ್ಲ?’ ಕೇಳಬೇಕಾದ ಪ್ರಶ್ನೆಯೇ. ಅದರ ಉತ್ತರದ ದೊಡ್ಡ ಪಾಲು ಹೊರಗೆ ಸುರಿಯುತ್ತಿರುವ ಮಳೆಯಲ್ಲೇ ಇದೆ. ಅಳಿದ ಜೀವಿ ಮರಳಿ ಸಿಗುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ನೀರು, ಶಾಖ, ಮತ್ತು ಅದು ಸತ್ತ ಮೊದಲ ಕೆಲವು ಗಂಟೆಗಳಲ್ಲಿ ಯಾರಾದರೂ ಏನಾದರೂ ಮಾಡಿದರೋ ಇಲ್ಲವೋ ಎಂಬುದು.

ಮೊದಲು ನೀರಿನ ಕೆಲಸ ನೋಡೋಣ. ಜೀವಕೋಶದೊಳಗೆ ಡಿಎನ್‌ಎ ಎಂಬ ಉದ್ದನೆಯ ಎಳೆ ಇರುತ್ತದೆ. ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳು ಅದರಲ್ಲಿ ಜೋಡಿ ಜೋಡಿಯಾಗಿ ಪೋಣಿಸಿಕೊಂಡಿರುತ್ತವೆ. ತೋಳಕ್ಕೆ ಇಂಥ ಜೋಡಿ ಸುಮಾರು 240 ಕೋಟಿ, ಮನುಷ್ಯನಿಗೆ ಸುಮಾರು 300 ಕೋಟಿ. ಪ್ರಾಣಿ ಬದುಕಿರುವಾಗಲೂ ಈ ಎಳೆ ದಿನಾ ಸಾವಿರಾರು ಕಡೆ ಕೆಡುತ್ತಲೇ ಇರುತ್ತದೆ, ಕೋಶ ಅದನ್ನು ಕೂಡಲೇ ರಿಪೇರಿ ಮಾಡಿಕೊಳ್ಳುತ್ತದೆ. ಸತ್ತ ಮೇಲೆ ರಿಪೇರಿ ನಿಲ್ಲುತ್ತದೆ, ಕೆಡುವುದು ನಿಲ್ಲುವುದಿಲ್ಲ. ಮೊದಲು ಕೋಶದೊಳಗಿನ ಕಿಣ್ವಗಳೇ ಎಳೆಯನ್ನು ಕತ್ತರಿಸುತ್ತವೆ. ಆಮೇಲೆ ಕರುಳಿನ ಬ್ಯಾಕ್ಟೀರಿಯಾ, ಮಣ್ಣಿನ ಬೂಷ್ಟು ಬಂದು ತಿನ್ನುತ್ತವೆ. ಇವೆಲ್ಲ ತಿಂದು ಮಿಕ್ಕಿದ್ದನ್ನು ನೀರು ಮುಗಿಸುತ್ತದೆ. ನೀರಿನ ಅಣು ಎಳೆಯಿಂದ ಎ ಮತ್ತು ಜಿ ಅಕ್ಷರಗಳನ್ನು ಕಳಚಿಬಿಡುತ್ತದೆ, ಕಳಚಿದ ಜಾಗದಲ್ಲಿ ಎಳೆ ಮುರಿಯುತ್ತದೆ. ಸಿ ಅಕ್ಷರ ನೀರಿನ ಜೊತೆ ಸೇರಿ ಯುರಾಸಿಲ್ ಎಂಬ ಬೇರೆಯೇ ವಸ್ತುವಾಗುತ್ತದೆ, ಓದುವ ಯಂತ್ರ ಅದನ್ನು ಟಿ ಎಂದು ಓದಿ ಮೋಸಹೋಗುತ್ತದೆ. ಶಾಖ ಏರಿದಷ್ಟೂ ಇದೆಲ್ಲ ಬೇಗ ಬೇಗ ಆಗುತ್ತದೆ.

ಎಷ್ಟು ಬೇಗ ಎಂಬುದಕ್ಕೆ ಲೆಕ್ಕವಿದೆ. ನ್ಯೂಜಿಲೆಂಡಿನಲ್ಲಿ ಅಳಿದುಹೋದ ಮೋವಾ ಎಂಬ ದೊಡ್ಡ ಹಕ್ಕಿಯ 158 ಮೂಳೆಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರಾಸರಿ 13 ಡಿಗ್ರಿ ಸೆಲ್ಸಿಯಸ್ ಇರುವ ಆ ನೆಲದಲ್ಲಿ 242 ಅಕ್ಷರ ಉದ್ದದ ಡಿಎನ್‌ಎ ತುಣುಕುಗಳಲ್ಲಿ ಅರ್ಧದಷ್ಟು ನಾಶವಾಗಲು 521 ವರ್ಷ ಬೇಕು. ಮುಂದಿನ 521 ವರ್ಷಕ್ಕೆ ಉಳಿದದ್ದರಲ್ಲಿ ಅರ್ಧ, ಹಾಗೇ ಮುಂದೆ. ಮೈನಸ್ 5 ಡಿಗ್ರಿಯಲ್ಲಿ ಹೆಪ್ಪುಗಟ್ಟಿ ಕೂತಿದ್ದರೂ 68 ಲಕ್ಷ ವರ್ಷದ ಹೊತ್ತಿಗೆ ಒಂದು ಕೊಂಡಿಯೂ ಉಳಿಯದು ಎಂದು ಅದೇ ಲೆಕ್ಕ ಹೇಳುತ್ತದೆ. ಡೈನೋಸಾರ್ ಅಳಿದು 6.6 ಕೋಟಿ ವರ್ಷವಾಯಿತು. ಹಾಗಾಗಿ ಮಕ್ಕಳು ಮೊದಲು ಕೇಳುವ ಡೈನೋಸಾರಿನ ಮಾತು ಇಲ್ಲಿಗೇ ಮುಗಿಯಿತು. ಸೈಬೀರಿಯಾದ ಸದಾ ಹೆಪ್ಪುಗಟ್ಟಿದ ನೆಲದಲ್ಲಿ ಸಿಕ್ಕ, ಮ್ಯಾಮತ್ ಎಂಬ ಅಳಿದ ಆನೆ ಜಾತಿಯ ಹಲ್ಲುಗಳಿಂದ ಹತ್ತು ಲಕ್ಷ ವರ್ಷಕ್ಕೂ ಹಳೆಯ ಡಿಎನ್‌ಎ ಓದಲು 2021ರಲ್ಲಿ ಸಾಧ್ಯವಾದದ್ದು ಚಳಿಯ ದಯೆಯಿಂದ.

ಈಗ ಇದನ್ನೇ ನಮ್ಮ ನೆಲಕ್ಕೆ ತಂದು ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಮಣ್ಣು ವರ್ಷದ ಬಹುಕಾಲ ಒದ್ದೆ, ವರ್ಷಪೂರ್ತಿ ಬೆಚ್ಚಗೆ. ಮೇಲಾಗಿ ಜಂಬಿಟ್ಟಿಗೆಯ ಹುಳಿ ಮಣ್ಣು. ಅಡಿಕೆ ತೋಟಕ್ಕೆ ಸುಣ್ಣ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ನೀರು ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗುವುದರಿಂದ ಮಣ್ಣು ಹುಳಿಯಾಗುತ್ತದೆ. ಮೂಳೆಯ ಗಟ್ಟಿತನವೆಲ್ಲ ಕ್ಯಾಲ್ಸಿಯಂ ಫಾಸ್ಫೇಟಿನದು, ಹುಳಿಯಲ್ಲಿ ಅದು ಕರಗುತ್ತದೆ. ಮೂಳೆಯೇ ಕರಗಿದ ಮೇಲೆ ಒಳಗಿನ ಡಿಎನ್‌ಎಗೆ ಗೂಡೆಲ್ಲಿ? ನಮಗಿಂತ ಎಷ್ಟೋ ಪಾಲು ಒಣ ಪ್ರದೇಶವಾದ ಹರಿಯಾಣದ ರಾಖಿಗಢಿಯಲ್ಲೇ, ಸುಮಾರು 4,500 ವರ್ಷ ಹಳೆಯ 61 ಮಾದರಿಗಳನ್ನು ಪರೀಕ್ಷಿಸಿದಾಗ ಓದಲು ಬರುವಷ್ಟು ಡಿಎನ್‌ಎ ಸಿಕ್ಕಿದ್ದು ಒಬ್ಬರ ಅಸ್ಥಿಯಿಂದ ಮಾತ್ರ. ಅದೂ ಒಳಕಿವಿಯನ್ನು ಸುತ್ತುವರಿದ ಮೂಳೆಯಿಂದ. ಮೈಯಲ್ಲೆಲ್ಲ ಅತ್ಯಂತ ಗಟ್ಟಿಯಾದ ಆ ಮೂಳೆಗೆ ನೀರು ಇಳಿಯುವುದು ಎಲ್ಲಕ್ಕಿಂತ ನಿಧಾನ. ಪಶ್ಚಿಮ ಘಟ್ಟದ ಕಾನಿನಲ್ಲಿ ಸತ್ತುಬಿದ್ದ ಕಪ್ಪೆ, ಪುನುಗು, ಹಕ್ಕಿ ಯಾವುದರ ಮೂಳೆಯೂ ಸಾವಿರ ವರ್ಷ ಕಾಯುವುದಿಲ್ಲ. ಇಲ್ಲಿ ಅಳಿದದ್ದು ಅಳಿದಂತೆಯೇ, ಸಂಗ್ರಹಾಲಯದಲ್ಲಿ ಒಣಗಿಸಿಟ್ಟ ಚರ್ಮವೋ ಹಲ್ಲೋ ಇದ್ದರೆ ಮಾತ್ರ ಬೇರೆ ಮಾತು.

ತುಣುಕುಗಳು ಸಿಕ್ಕವು ಎಂದೇ ಇಟ್ಟುಕೊಳ್ಳಿ. ಅವು ಸಾಮಾನ್ಯವಾಗಿ 30ರಿಂದ 100 ಅಕ್ಷರ ಉದ್ದದವು, ಕೋಟಿಗಟ್ಟಲೆ. ಜೊತೆಗೆ ಮಣ್ಣಿನ ಬ್ಯಾಕ್ಟೀರಿಯಾದವು, ಅಗೆದವರ ಬೆವರಿನವು ಕಲಬೆರಕೆಯಾಗಿರುತ್ತವೆ. ಗೆದ್ದಲು ತಿಂದ ಕಡತದ ಚೂರುಗಳನ್ನು ಅದೇ ಕಡತದ ಇನ್ನೊಂದು ನಕಲು ಎದುರಿಗಿಟ್ಟು ಹೊಂದಿಸಿದ ಹಾಗೆ, ಈ ತುಣುಕುಗಳನ್ನು ಬದುಕಿರುವ ಹತ್ತಿರದ ನೆಂಟ ಪ್ರಾಣಿಯ ಡಿಎನ್‌ಎ ಪಕ್ಕಕ್ಕಿಟ್ಟು ಹೊಂದಿಸುತ್ತಾರೆ. ಮ್ಯಾಮತ್‌ಗೆ ಏಷ್ಯಾದ ಆನೆ ನೆಂಟ, ಮಾರಿಷಸ್ ದ್ವೀಪದ ಡೋಡೋಗೆ ನಮ್ಮದೇ ನಿಕೋಬಾರ್ ಪಾರಿವಾಳ. ನೆಂಟನಲ್ಲಿ ಇಲ್ಲದ ಭಾಗ ಅಳಿದ ಪ್ರಾಣಿಯಲ್ಲಿ ಇದ್ದರೆ ಆ ಚೂರು ಎಲ್ಲಿ ಕೂರಬೇಕೆಂದು ಗೊತ್ತೇ ಆಗುವುದಿಲ್ಲ. ಒಂದೇ ಸಾಲು ಸಾವಿರ ಸಲ ಮರುಕಳಿಸುವ ಭಾಗಗಳೂ ಹಾಗೆಯೇ ಬಿಟ್ಟುಹೋಗುತ್ತವೆ. ಅಂದರೆ ಅಳಿದ ಪ್ರಾಣಿಯ ‘ಪೂರ್ಣ’ ಡಿಎನ್‌ಎ ಓದಿದ್ದೇವೆ ಎಂದು ಯಾರಾದರೂ ಹೇಳಿದರೆ, ಓದಲು ಆದಷ್ಟನ್ನು ಓದಿದ್ದಾರೆ ಎಂದು ತಿಳಿಯಬೇಕು.

ಓದಿದ ಮಾತ್ರಕ್ಕೆ ಜೀವ ಬರುವುದಿಲ್ಲ. ಜೀವ ಬರಲು ಜೀವಂತ ಕೋಶ ಬೇಕು, ಅಂಡ ಬೇಕು, ಗರ್ಭ ಬೇಕು.

ತದ್ರೂಪು ಸೃಷ್ಟಿ, ಅಂದರೆ ಕ್ಲೋನಿಂಗ್, ಹೀಗೆ ನಡೆಯುತ್ತದೆ. ಬೇಕಾದ ಪ್ರಾಣಿಯ ಕಿವಿಯ ಚರ್ಮದಿಂದ ಕೋಶಗಳನ್ನು ತೆಗೆದು ಬೆಳೆಸುತ್ತಾರೆ. ನೆಂಟ ಜಾತಿಯ ಹೆಣ್ಣಿನ ಅಂಡವೊಂದನ್ನು ತೆಗೆದುಕೊಂಡು, ಸೂಕ್ಷ್ಮದರ್ಶಕದ ಕೆಳಗೆ ಅದರ ಡಿಎನ್‌ಎ ಇರುವ ಕೋಶಕೇಂದ್ರವನ್ನು ಹೀರಿ ತೆಗೆಯುತ್ತಾರೆ. ಖಾಲಿಯಾದ ಅಂಡದ ಪಕ್ಕಕ್ಕೆ ಚರ್ಮದ ಕೋಶವನ್ನು ಕೂರಿಸಿ ಸಣ್ಣ ವಿದ್ಯುತ್ ಮಿಡಿತ ಕೊಟ್ಟರೆ ಎರಡೂ ಬೆಸೆಯುತ್ತವೆ. ರಾಸಾಯನಿಕದಿಂದ ಅಥವಾ ಮತ್ತೊಂದು ಮಿಡಿತದಿಂದ ಅಂಡಕ್ಕೆ ಗರ್ಭ ಕಟ್ಟಿತೆಂಬ ಸೂಚನೆ ಕೊಟ್ಟು, ಕೆಲವು ದಿನ ಪೋಷಕ ದ್ರಾವಣದಲ್ಲಿ ಬೆಳೆಸಿ, ಬಾಡಿಗೆ ತಾಯಿಯ ಗರ್ಭಕ್ಕೆ ಸೇರಿಸುತ್ತಾರೆ. ಹೇಳಲು ಸುಲಭ. 1996ರಲ್ಲಿ ಡಾಲಿ ಎಂಬ ಕುರಿ ಹುಟ್ಟಿದಾಗ 277 ಅಂಡಗಳನ್ನು ಬೆಸೆದಿದ್ದರು, ಭ್ರೂಣವಾಗಿ ಬೆಳೆದದ್ದು 29, ಹುಟ್ಟಿದ ಮರಿ ಒಂದೇ. ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಲ್ಲಿ 2009ರಲ್ಲಿ ಹುಟ್ಟಿದ ಮೊದಲ ತದ್ರೂಪಿ ಎಮ್ಮೆಕರು ಸಮ್ರೂಪ ಒಂದು ವಾರವೂ ಬದುಕಲಿಲ್ಲ. ಛಲ ಬಿಡದೆ ಮುಂದುವರಿದಿದ್ದರಿಂದ ಅಲ್ಲಿ ಆಮೇಲೆ ಹುಟ್ಟಿದ ಗರಿಮಾ-2 ಎಂಬ ತದ್ರೂಪಿ ಎಮ್ಮೆ 2013ರಲ್ಲಿ ತಾನೇ ಕರು ಹಾಕಿತು.

ಎಡವುವುದು ಎಲ್ಲಿ? ಚರ್ಮದ ಕೋಶದಲ್ಲಿ ಚರ್ಮಕ್ಕೆ ಬೇಕಾದ ಜೀನ್‌ಗಳು (ಡಿಎನ್‌ಎಯಲ್ಲಿ ಕೆಲಸದ ಸೂಚನೆ ಇರುವ ಭಾಗಗಳು) ಮಾತ್ರ ತೆರೆದುಕೊಂಡಿರುತ್ತವೆ, ಉಳಿದವು ಮುಚ್ಚಿರುತ್ತವೆ. ಅಂಡ ಅವನ್ನೆಲ್ಲ ಕೆಲವೇ ಗಂಟೆಗಳಲ್ಲಿ ಮೊದಲಿನ ಸ್ಥಿತಿಗೆ ತರಬೇಕು. ಅರೆಬರೆಯಾದರೆ ಕಸ, ಅಂದರೆ ಮಾಸು, ಸರಿಯಾಗಿ ಕಟ್ಟುವುದಿಲ್ಲ, ಗರ್ಭ ನಿಲ್ಲುವುದಿಲ್ಲ, ಮರಿ ಮಿತಿಮೀರಿ ದಪ್ಪಗಾಗಿ ಹುಟ್ಟುವಾಗಲೇ ಸಾಯುತ್ತದೆ, ಶ್ವಾಸಕೋಶ ಕೆಲಸ ಮಾಡುವುದಿಲ್ಲ. ಇಷ್ಟೆಲ್ಲ ದಾಟಿ ಹುಟ್ಟಿದರೂ ಅದು ಅಸಲಿನ ಪೂರ್ತಿ ಪ್ರತಿಯಲ್ಲ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳಿಗೆ ತಮ್ಮದೇ ಡಿಎನ್‌ಎ ಇದೆ, ಅದು ಅಂಡ ಕೊಟ್ಟ ನೆಂಟ ಪ್ರಾಣಿಯದಾಗಿರುತ್ತದೆ.

ನಿಜವಾಗಿಯೂ ಅಳಿದುಹೋದ ಉಪಪ್ರಭೇದವೊಂದು ಮರಳಿ ಹುಟ್ಟಿದ್ದು ಇಲ್ಲಿಯವರೆಗೆ ಒಮ್ಮೆ, ಅದೂ ಕೆಲವೇ ನಿಮಿಷ. ಸ್ಪೇನಿನ ಪಿರನೀಸ್ ಬೆಟ್ಟಗಳ ಬುಕಾರ್ಡೋ ಎಂಬ ಕಾಡುಮೇಕೆಯ ಕೊನೆಯ ಹೆಣ್ಣು ಸೀಲಿಯಾ. 2000ದ ಜನವರಿ 6ರಂದು ಅದರ ಹೆಣ ಸಿಕ್ಕಿದ್ದು ಮುರಿದುಬಿದ್ದ ಮರದ ಅಡಿಯಲ್ಲಿ. ಅದಕ್ಕೆ ಹಿಂದಿನ ವರ್ಷವೇ ಅದನ್ನು ಹಿಡಿದು, ಕಿವಿಯಿಂದ ಚೂರು ಚರ್ಮ ತೆಗೆದು, ದ್ರವ ನೈಟ್ರೋಜನ್‌ನಲ್ಲಿ ಇಟ್ಟು, ಮತ್ತೆ ಕಾಡಿಗೆ ಬಿಟ್ಟಿದ್ದರು. ಆ ಕೋಶಗಳನ್ನು ಸಾಕುಮೇಕೆಯ ಅಂಡಕ್ಕೆ ಸೇರಿಸಿ ನೂರಾರು ಭ್ರೂಣ ಮಾಡಿದರು. 2003ರ ಜುಲೈ 30ರಂದು ಹುಟ್ಟಿದ ಮರಿ ಶ್ವಾಸಕೋಶದ ದೋಷದಿಂದ ನಿಮಿಷಗಳಲ್ಲೇ ಸತ್ತಿತು. ಅದು ಬದುಕಿದ್ದರೂ ಹೆಣ್ಣೊಂದೇ, ಸೀಲಿಯಾದ ಕೋಶದಲ್ಲಿ ಗಂಡಿನ ವೈ ವರ್ಣತಂತು ಇಲ್ಲ. ಸಂತತಿ ಮುಂದುವರಿಯುವ ದಾರಿಯೇ ಇರಲಿಲ್ಲ. ಆದರೂ ಕಿವಿಯ ಆ ಚೂರು ಇಲ್ಲದಿದ್ದರೆ ಪ್ರಯತ್ನಿಸಲು ಸಹ ಏನೂ ಇರುತ್ತಿರಲಿಲ್ಲ.

ತೋಳದ ಸುದ್ದಿಯ ಲೆಕ್ಕ

ಜೀವಂತ ಕೋಶ ಸಿಗದಿದ್ದಾಗ ಎರಡನೆಯ ದಾರಿ ಹಿಡಿಯುತ್ತಾರೆ. ನೆಂಟ ಪ್ರಾಣಿಯ ಕೋಶವನ್ನು ತೆಗೆದುಕೊಂಡು ಅದರ ಡಿಎನ್‌ಎಯನ್ನು ಅಲ್ಲಲ್ಲಿ ತಿದ್ದುವುದು. ತಿದ್ದುವ ಸಾಧನ ಕ್ರಿಸ್ಪರ್. ಇದರಲ್ಲಿ ಎರಡು ಭಾಗ: ಎಲ್ಲಿ ಕತ್ತರಿಸಬೇಕೆಂದು ಜಾಗ ಹುಡುಕುವ 20 ಅಕ್ಷರದ ಆರ್‌ಎನ್‌ಎ ಸಾಲು, ಮತ್ತು ಅಲ್ಲಿ ಕತ್ತರಿಸುವ ಪ್ರೋಟೀನು. ಇದನ್ನು ರೂಪಿಸಿದ ಎಮ್ಯಾನುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರ ರಸಾಯನಶಾಸ್ತ್ರ ನೊಬೆಲ್ ಬಂತು. ಅಮೆರಿಕದ ಕೊಲೋಸಲ್ ಬಯೋಸೈನ್ಸಸ್ ಕಂಪನಿ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ‘ಡೈರ್ ತೋಳ’ಗಳು ಈ ದಾರಿಯವು. 13,000 ವರ್ಷ ಹಳೆಯ ಹಲ್ಲು ಮತ್ತು 72,000 ವರ್ಷ ಹಳೆಯ ತಲೆಬುರುಡೆಯಿಂದ ಡಿಎನ್‌ಎ ಓದಿದರು. ಬೂದು ತೋಳದ ರಕ್ತದಿಂದ ಪಡೆದ ಕೋಶದಲ್ಲಿ 14 ಜೀನ್‌ಗಳಲ್ಲಿ ಒಟ್ಟು 20 ತಿದ್ದುಪಡಿ ಮಾಡಿದರು. ಕ್ಲೋನಿಂಗ್ ಮಾಡಿ, ಸಾಕುನಾಯಿಗಳನ್ನು ಬಾಡಿಗೆ ತಾಯಿ ಮಾಡಿ, ಮೂರು ಮರಿ ಪಡೆದರು.

ಲೆಕ್ಕ ಹಾಕಿ ನೋಡಿ. ಎರಡೂ ತೋಳಗಳ ಡಿಎನ್‌ಎ ಶೇ 99.5ರಷ್ಟು ಒಂದೇ ಎಂದು ಕಂಪನಿಯೇ ಹೇಳಿತು. ಉಳಿದ ಶೇ 0.5 ಎಂದರೆ 240 ಕೋಟಿಯಲ್ಲಿ ಸುಮಾರು 1.2 ಕೋಟಿ ಅಕ್ಷರ. ತಿದ್ದಿದ್ದು 20 ಕಡೆ. ಅದರಲ್ಲೂ 15 ಮಾತ್ರ ಡೈರ್ ತೋಳದಿಂದ ಬಂದ ರೂಪಗಳು. ಉಳಿದ ಐದು ಬಿಳಿ ಮೈಬಣ್ಣಕ್ಕಾಗಿ ಬದುಕಿರುವ ತೋಳ-ನಾಯಿಗಳಲ್ಲೇ ಇರುವ ರೂಪಗಳು, ಏಕೆಂದರೆ ಡೈರ್ ತೋಳದ ಬಣ್ಣದ ಜೀನನ್ನು ಹಾಗೇ ಹಾಕಿದ್ದರೆ ಬೂದು ತೋಳದ ಮೈಯಲ್ಲಿ ಕಿವುಡು, ಕುರುಡು ಬರುವ ಅಪಾಯವಿತ್ತು. ಒಂದು ಜೀನು ಒಂದೇ ಕೆಲಸ ಮಾಡುವುದಿಲ್ಲ, ಸುತ್ತಲಿನ ಜೀನ್‌ಗಳ ಜೊತೆ ಸೇರಿ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಇವು ಡೈರ್ ತೋಳಗಳಲ್ಲ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತೋಳ-ನಾಯಿ ತಜ್ಞರ ತಂಡ ಹೇಳಿತು, ಅದೇ ಸರಿಯಾದ ಮಾತು. ತಿದ್ದುಪಡಿಯಾದ ಬೂದು ತೋಳಗಳು ಎನ್ನಬೇಕು. ಒಂದೇ ಕೋಶದಲ್ಲಿ ಏಕಕಾಲಕ್ಕೆ ಇಷ್ಟು ಕಡೆ ತಿದ್ದಿ ಆರೋಗ್ಯವಂತ ಮರಿ ಪಡೆದದ್ದು ದೊಡ್ಡ ಸಾಧನೆಯೇ. ಅಳಿದದ್ದು ಮರಳಿತು ಎಂಬುದು ಮಾತ್ರ ನಿಜವಲ್ಲ.

ಮ್ಯಾಮತ್ ವಿಷಯದಲ್ಲೂ ಇದೇ ಯೋಜನೆ, ಕಷ್ಟ ಇನ್ನೂ ಹೆಚ್ಚು. ಸಕ್ರೆಬೈಲು ಬಿಡಾರದಲ್ಲಿ ಆನೆ ನೋಡಿಕೊಳ್ಳುವವರಿಗೆ ಗೊತ್ತು, ಆನೆಯ ಗರ್ಭ ನಿಲ್ಲುವುದು ಸುಮಾರು 22 ತಿಂಗಳು. ಹೆಣ್ಣಾನೆ ಬೆದೆಗೆ ಬರುವುದು ಮೂರ್ನಾಲ್ಕು ತಿಂಗಳಿಗೊಮ್ಮೆ. ಜನನಾಂಗದ ದಾರಿ ಒಂದು ಮೀಟರಿಗೂ ಉದ್ದ ಇರುವುದರಿಂದ ದನದಲ್ಲಿ ಮಾಡುವಂತೆ ಅಂಡ ತೆಗೆಯಲಾಗುವುದಿಲ್ಲ. ಕ್ಯಾನ್ಸರ್ ತಡೆಯುವ ಒಂದು ಜೀನಿನ ಸುಮಾರು 20 ಪ್ರತಿಗಳು ಆನೆಯಲ್ಲಿರುವುದರಿಂದ, ಪ್ರಯೋಗಾಲಯದಲ್ಲಿ ಅದರ ಕೋಶವನ್ನು ಬೇಕಾದ ಹಾಗೆ ಬದಲಾಯಿಸಲು ಹೋದರೆ ಕೋಶ ಸತ್ತೇಹೋಗುತ್ತದೆ. ಬಾಡಿಗೆ ತಾಯಿಯಾಗಿ ನೂರಾರು ಆನೆಗಳನ್ನು ಬಳಸುವ ಮಾತಂತೂ ಯೋಚಿಸಲೂ ಬಾರದ್ದು. ಏಷ್ಯಾದ ಆನೆಯೇ ಅಳಿವಿನಂಚಿನ ಪ್ರಾಣಿ, ಅದರ ಗರ್ಭ ಅದರದೇ ಮರಿಗೆ ಮೀಸಲಿರಬೇಕು.

ಹಕ್ಕಿ ಮತ್ತು ಕಪ್ಪೆಗಳದ್ದು ಬೇರೆಯೇ ಕಥೆ. ಹಕ್ಕಿಯ ಅಂಡ ಎಂದರೆ ಹಳದಿ ಲೋಳೆಯ ಇಡೀ ಉಂಡೆ, ಅದರಲ್ಲಿ ಕೋಶಕೇಂದ್ರ ಹುಡುಕಿ ತೆಗೆಯುವುದೇ ಆಗದು. ಹಾಗಾಗಿ ಮುಂದೆ ಅಂಡ, ವೀರ್ಯ ಆಗಲಿರುವ ಮೂಲಕೋಶಗಳನ್ನು ತಿದ್ದಿ, ಮೊಟ್ಟೆಯೊಳಗೆ ಬೆಳೆಯುತ್ತಿರುವ ಬೇರೆ ಹಕ್ಕಿಯ ಭ್ರೂಣದ ರಕ್ತಕ್ಕೆ ಸೇರಿಸುತ್ತಾರೆ. ಆ ಹಕ್ಕಿ ದೊಡ್ಡದಾಗಿ ಮರಿ ಮಾಡಿದಾಗ ತಿದ್ದಿದ ತಲೆಮಾರು ಬರಬೇಕು. ಕಪ್ಪೆಯಲ್ಲಿ ಆಸ್ಟ್ರೇಲಿಯಾದವರು ಒಂದು ಹೆಜ್ಜೆ ಇಟ್ಟಿದ್ದಾರೆ. ಮೊಟ್ಟೆಗಳನ್ನು ನುಂಗಿ, ಹೊಟ್ಟೆಯಲ್ಲೇ ಮರಿ ಮಾಡಿ, ಬಾಯಿಂದ ಹೊರಬಿಡುತ್ತಿದ್ದ ಕಪ್ಪೆಯೊಂದು ಅಲ್ಲಿ 1980ರ ದಶಕದಲ್ಲಿ ಅಳಿಯಿತು. 1970ರ ದಶಕದಲ್ಲಿ ಫ್ರೀಜರ್‌ನಲ್ಲಿಟ್ಟಿದ್ದ ಅದರ ಅಂಗಾಂಶವನ್ನು ಬೇರೆ ಕಪ್ಪೆಯ ಮೊಟ್ಟೆಗೆ ಸೇರಿಸಿ ಭ್ರೂಣ ಬೆಳೆಯಿತೆಂದು 2013ರಲ್ಲಿ ಪ್ರಕಟಿಸಿದರು. ಕೆಲವು ದಿನಗಳಾಚೆ ಯಾವುದೂ ಬದುಕಲಿಲ್ಲ.

ಬಿರುಗಾಳಿಯ ಪಾತ್ರ

ಜೀವಿಗಳ ಸಂಖ್ಯೆ ಕುಗ್ಗಿಸುವುದು ಸಾಮಾನ್ಯವಾಗಿ ಕಾಡು ಕಡಿತ, ಬೇಟೆ, ರೋಗ. ಉಳಿದ ಬೆರಳೆಣಿಕೆಯವನ್ನು ಮುಗಿಸುವುದು ಎಷ್ಟೋ ಸಲ ಒಂದು ಬಿರುಗಾಳಿ. ಹವಾಯಿಯ ಕವಾಯಿ ದ್ವೀಪದಲ್ಲಿ ಓಓ ಎಂಬ ಹಾಡುವ ಹಕ್ಕಿಯ ಒಂದೇ ಜೋಡಿ ಉಳಿದಿತ್ತು. 1982ರ ಇವಾ ಚಂಡಮಾರುತದ ನಂತರ ಹೆಣ್ಣು ಕಾಣಲಿಲ್ಲ, ಗಂಡಿನ ದನಿ ಕೊನೆಯ ಸಲ ಕೇಳಿದ್ದು 1987ರಲ್ಲಿ. ಅದೇ ಹವಾಯಿ ಸರಣಿಯ ಲೇಸನ್ ದ್ವೀಪದಲ್ಲಿ ಮೊಲಗಳು ಗಿಡಗಂಟಿಯನ್ನೆಲ್ಲ ಮೇಯ್ದು ಬರಡು ಮಾಡಿದ್ದವು. ಅಲ್ಲಿದ್ದ ಕೆಂಪು ಹೂಹಕ್ಕಿಯ ಕೊನೆಯ ಮೂರನ್ನು 1923ರ ಮರಳು ಬಿರುಗಾಳಿ ಅಳಿಸಿತು. ಸಾವಿರ ಸಂಖ್ಯೆಯಲ್ಲಿ, ಹತ್ತು ಕಾಡುಗಳಲ್ಲಿ ಹರಡಿಕೊಂಡ ಪ್ರಾಣಿಗೆ ಬಿರುಗಾಳಿ ಒಂದು ಕೆಟ್ಟ ವರ್ಷ ಅಷ್ಟೇ. ಒಂದೇ ತುಂಡು ಕಾಡಿಗೆ ಸೀಮಿತವಾದದ್ದಕ್ಕೆ ಅದೇ ಕೊನೆ. ಶರಾವತಿ ಕೊಳ್ಳದ ಸಿಂಗಳೀಕಗಳಿಗೂ ರಾಂಪತ್ರೆ ಮರಗಳ ಜೌಗು ಕಾಡುಗಳಾದ ಜಡ್ಡಿಗಳಿಗೂ ಇರುವ ಆತಂಕ ಇದೇ. ಜಡ್ಡಿಯ ಮರಗಳ ಬೀಜವನ್ನಾದರೂ ಒಣಗಿಸಿ ಎತ್ತಿಡೋಣ ಎಂದರೆ ರಾಂಪತ್ರೆ ಬೀಜ ಒಣಗಿದರೆ ಸಾಯುತ್ತದೆ. ಬೀಜ ಭಂಡಾರದ ದಾರಿಯೂ ಅಲ್ಲಿ ಮುಚ್ಚಿದೆ.

ಮರಳಿ ತಂದ ಪ್ರಾಣಿಯನ್ನು ಪರೀಕ್ಷಿಸುವುದೂ ಮಳೆಯೇ. ಭಾರತದಲ್ಲಿ ಚೀತಾ ಅಳಿಯಿತೆಂದು 1952ರಲ್ಲಿ ಘೋಷಿಸಲಾಯಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದ ಎಂಟು, 2023ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದ 12 ಚೀತಾಗಳು ಮಧ್ಯಪ್ರದೇಶದ ಕುನೋಗೆ ಬಂದವು. ಇದು ಪ್ರಯೋಗಾಲಯದ ಕೆಲಸವಲ್ಲ, ಬದುಕಿರುವ ಪ್ರಾಣಿಯನ್ನೇ ತಂದು ಬಿಟ್ಟದ್ದು. ಆದರೂ 2023ರ ಮಳೆಗಾಲದಲ್ಲಿ ಮೂರು ಚೀತಾ ಸತ್ತವು. ಕಾರಣ ಗಮನಿಸಿ. ಭೂಮಧ್ಯರೇಖೆಯ ದಕ್ಷಿಣಕ್ಕೆ ಜೂನ್-ಜುಲೈ ಚಳಿಗಾಲ. ಆ ಪ್ರಾಣಿಗಳ ಮೈ ಹುಟ್ಟೂರಿನ ಪಂಚಾಂಗ ಬಿಡದೆ ನಮ್ಮ ಮುಂಗಾರಿನಲ್ಲೇ ದಪ್ಪ ಚಳಿಗಾಲದ ತುಪ್ಪಳ ಬೆಳೆಸಿತು. ಆ ತುಪ್ಪಳ, ಕೊರಳ ಪಟ್ಟಿಯ ಅಡಿ ಒದ್ದೆಯಾಗಿಯೇ ಉಳಿದು ಚರ್ಮ ಕೆಟ್ಟಿತು, ನೊಣ ಮೊಟ್ಟೆಯಿಟ್ಟು ಹುಳವಾಯಿತು, ನಂಜು ರಕ್ತಕ್ಕೇರಿತು. ಮಳೆಗಾಲದಲ್ಲಿ ದನದ ಗಾಯಕ್ಕೆ ಹುಳ ಬೀಳುವುದನ್ನು ಕಂಡವರಿಗೆ ಇದು ಹೊಸದಲ್ಲ. ಚೀತಾದಂಥ ಬದುಕಿರುವ ಪ್ರಾಣಿಯ ಮೈಯಲ್ಲೇ ಇಂಥ ಗುಟ್ಟು ಅಡಗಿದ್ದರೆ, ಸಾವಿರಾರು ವರ್ಷದ ಹಿಂದೆ ಬೇರೆ ಹವೆಯಲ್ಲಿ ಬದುಕಿದ್ದ ಪ್ರಾಣಿಯದರಲ್ಲಿ ಎಷ್ಟಿರಬಹುದು!

ನಮ್ಮದೇ ಉದಾಹರಣೆ ಬೇಕಾದರೆ ಕುಂಬಾರ ಕಪ್ಪೆ ಇದೆ. 2014ರಲ್ಲಿ ವಿಜ್ಞಾನಿಗಳು ವಿವರಿಸಿದ ಈ ಪ್ರಭೇದ ಕತ್ತಲೆಕಾನಿನಂಥ ಕಾಡುಗಳ ತೊರೆಗಳಲ್ಲಿದೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ತೊರೆಯ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಈ ಕೆಲಸಕ್ಕೆ ಕಪ್ಪೆಯ ಡಿಎನ್‌ಎ ಸಾಲದು. ನಿಧಾನಕ್ಕೆ ಹರಿಯುವ ತೊರೆ, ಹದವಾದ ಕೆಸರು, ನೆರಳು, ಸರಿಯಾದ ಹೊತ್ತಿಗೆ ಹಿಡಿಯುವ ಮಳೆ ಎಲ್ಲ ಸೇರಿದರೆ ಆ ಕಪ್ಪೆ. ಇವನ್ನು ಯಾವ ಜಾಡಿಯಲ್ಲೂ ತುಂಬಿಡಲಾಗದು. ಆ ತೊರೆಯನ್ನು ಉಳಿಸಿಕೊಳ್ಳುವುದಕ್ಕೆ ಬದಲಿ ಯಾವ ಪ್ರಯೋಗಾಲಯದಲ್ಲೂ ಇಲ್ಲ.

ನಮ್ಮ ಘಟ್ಟದಲ್ಲಿ ಅಳಿದದ್ದು ಯಾವುದು ಎಂದು ಹೇಳುವುದೂ ಸುಲಭವಲ್ಲ. ಮಲಬಾರ್ ಪುನುಗಿನ ಕೊನೆಯ ಖಚಿತ ಕುರುಹು ಹಲವು ದಶಕಗಳ ಹಿಂದೆ ಕೇರಳದಲ್ಲಿ ಸಿಕ್ಕ ಚರ್ಮಗಳು. ಅದು ಸ್ವತಂತ್ರ ಪ್ರಭೇದವೇ, ಹೊರಗಿನಿಂದ ತಂದ ಪುನುಗೇ ಎಂಬ ಅನುಮಾನವನ್ನೂ ಸಂಶೋಧಕರು ಎತ್ತಿದ್ದಾರೆ. ಸಂಗ್ರಹಾಲಯದ ಹಳೆಯ ಚರ್ಮದ ಡಿಎನ್‌ಎ ಓದಿದರೆ ಇಂಥ ಪ್ರಶ್ನೆಗೆ ಉತ್ತರ ಸಿಗಬಹುದು, ಪ್ರಾಣಿಯನ್ನು ಮರುಹುಟ್ಟಿಸುವುದಕ್ಕಿಂತ ಅದು ಮೊದಲು ಆಗಬೇಕಾದ ಕೆಲಸ. ಇನ್ನೊಂದು ಕಡೆ, ಪಶ್ಚಿಮ ಘಟ್ಟದ ಮರಗಪ್ಪೆಯೊಂದು 136 ವರ್ಷ ಕಾಣದೇ ಇದ್ದು, ಕಪ್ಪೆ ವಿಜ್ಞಾನಿ ಎಸ್.ಡಿ. ಬಿಜು ಅವರ ನೇತೃತ್ವದ ಹುಡುಕಾಟದಲ್ಲಿ 2011ರಲ್ಲಿ ಮತ್ತೆ ಸಿಕ್ಕಿತು. ಜಡಿಮಳೆಯ ರಾತ್ರಿ, ಉಂಬಳದ ನಡುವೆ, ಟಾರ್ಚ್ ಹಿಡಿದು ಹುಡುಕುವವರು ಕಡಿಮೆ. ಕಂಡಿಲ್ಲ ಎಂದ ಮಾತ್ರಕ್ಕೆ ಇಲ್ಲ ಎನ್ನಬಾರದು.

ಇಡಬೇಕಾದದ್ದು ಈಗಲೇ

ಈ ಎಲ್ಲದರಿಂದ ಒಂದು ಕೆಲಸ ಸ್ಪಷ್ಟವಾಗುತ್ತದೆ. ನಮ್ಮ ನೆಲ ಮೂಳೆ ಉಳಿಸುವುದಿಲ್ಲವಾದ್ದರಿಂದ ಇರುವ ಪ್ರಾಣಿಗಳ ಜೀವಂತ ಕೋಶಗಳನ್ನು ಈಗಲೇ ಎತ್ತಿಡಬೇಕು. ಇದರ ಫಲ ಅಮೆರಿಕದಲ್ಲಿ ಕಣ್ಣಿಗೆ ಕಂಡಿದೆ. ಕಪ್ಪು ಕಾಲಿನ ಫೆರೆಟ್ ಎಂಬ ಮುಂಗುಸಿ ಗಾತ್ರದ ಪ್ರಾಣಿ ಅಲ್ಲಿ ಏಳರಿಂದ ಮತ್ತೆ ಬೆಳೆದ ಸಂತತಿ, ಎಲ್ಲವೂ ಒಂದೇ ಮನೆತನದವು. ಸಂತತಿ ಮುಂದುವರಿಯದೆ ಹೋದ ವಿಲ್ಲಾ ಎಂಬ ಹೆಣ್ಣಿನ ಕೋಶವನ್ನು 1988ರಲ್ಲಿ ಸ್ಯಾನ್ ಡಿಯೇಗೋದ ಹಿಮಭಂಡಾರದಲ್ಲಿ ಇಟ್ಟಿದ್ದರು. ಅದರಿಂದ 2020ರ ಡಿಸೆಂಬರ್ 10ರಂದು ಎಲಿಜಬೆತ್ ಆ್ಯನ್ ಎಂಬ ತದ್ರೂಪಿ ಹುಟ್ಟಿತು. ಅದೇ ಕೋಶಗಳಿಂದ ಆಮೇಲೆ ಹುಟ್ಟಿದ ಆಂಟೋನಿಯಾ 2024ರಲ್ಲಿ ಮರಿ ಹಾಕಿತು. ಕಳೆದುಹೋಗಿದ್ದ ರಕ್ತಸಂಬಂಧ ಹೀಗೆ ಮರಳಿ ಸೇರಿತು. ಮ್ಯಾಮತ್‌ಗಿಂತ ಇದು ಹೆಚ್ಚು ಉಪಯೋಗದ ವಿಜ್ಞಾನ. ನಮ್ಮಲ್ಲಿ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಎಂಬ ಸಂಸ್ಥೆಯ ಲಾಕೋನ್ಸ್ ಪ್ರಯೋಗಾಲಯ ವನ್ಯಜೀವಿಗಳ ಕೋಶ, ವೀರ್ಯ ಕಾಯ್ದಿಡುವ ಕೆಲಸ ಮಾಡುತ್ತಿದೆ.

ವಿಧಾನ ಹೀಗಿದೆ. ಕಿವಿಯಂಚಿನಿಂದ 3ರಿಂದ 5 ಮಿಲಿಮೀಟರ್ ಚರ್ಮ ಸಾಕು. ಕೂದಲು ಬೋಳಿಸಿ, ಸ್ಪಿರಿಟ್‌ನಿಂದ ಒರೆಸಿ, ಸ್ಪಿರಿಟ್ ಪೂರ್ತಿ ಆರಿದ ಮೇಲೆ ಕತ್ತರಿಸಬೇಕು, ಹಸಿಯಾಗಿದ್ದರೆ ಅದೇ ಕೋಶಗಳನ್ನು ಕೊಲ್ಲುತ್ತದೆ. ಚೂರನ್ನು ಆ್ಯಂಟಿಬಯೋಟಿಕ್ ಮತ್ತು ಬೂಷ್ಟು ನಿರೋಧಕ ಸೇರಿಸಿದ ಪೋಷಕ ದ್ರಾವಣದಲ್ಲಿ ಹಾಕಿ 4 ಡಿಗ್ರಿಯಲ್ಲಿ ಸಾಗಿಸಬೇಕು. ಐಸ್ ಮೇಲೆ ನೇರವಾಗಿ ಇಟ್ಟರೆ ಹೆಪ್ಪುಗಟ್ಟಿ ಸಾಯುತ್ತದೆ, ನಡುವೆ ಬಟ್ಟೆಯೋ ಕಾಗದವೋ ಇರಬೇಕು. ಇಲ್ಲಿ ತುಂಬ ಆಗುವ ತಪ್ಪು, ಆಲ್ಕೋಹಾಲ್‌ನಲ್ಲಿ ಹಾಕಿಬಿಡುವುದು. ಆಲ್ಕೋಹಾಲ್ ಡಿಎನ್‌ಎ ಓದಲು ಸಾಕಾಗುವಂತೆ ಉಳಿಸುತ್ತದೆ, ಕೋಶ ಸತ್ತಿರುತ್ತದೆ. ಫಾರ್ಮಲಿನ್ ಹಾಕಿದರೆ ಎರಡೂ ಹೋದಂತೆ. ಸತ್ತ ಪ್ರಾಣಿಯಾದರೆ ಮೊದಲ 24 ಗಂಟೆಯೊಳಗೆ ತೆಗೆಯುವುದು ಒಳ್ಳೆಯದು. ಬೇಸಿಗೆಯ ಗುಡುಗುಮಳೆಯಲ್ಲಿ ನೆನೆದು ಬೆಚ್ಚಗೆ ಬಿದ್ದಿದ್ದರೆ ಅಷ್ಟು ಹೊತ್ತೂ ಸಿಗದು.

ಪ್ರಯೋಗಾಲಯದಲ್ಲಿ ಚೂರನ್ನು ಸಣ್ಣಗೆ ಹೆಚ್ಚಿ, ಕೊಲಾಜಿನೇಸ್ ಕಿಣ್ವದಿಂದ ಬಿಡಿಸಿ, 37 ಡಿಗ್ರಿ ಶಾಖ ಮತ್ತು ಶೇ 5 ಇಂಗಾಲದ ಡೈ ಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಬೆಳೆಸುತ್ತಾರೆ. ಬೆಳೆದ ಕೋಶಗಳನ್ನು ಹಿಮದ ಹಾನಿ ತಡೆಯುವ ಡಿಎಂಎಸ್‌ಒ ಎಂಬ ರಾಸಾಯನಿಕವನ್ನು ಶೇ 10ರಷ್ಟು ಬೆರೆಸಿದ ದ್ರವದಲ್ಲಿ, ಸಣ್ಣ ಸೀಸೆಗೆ ಸುಮಾರು 10 ಲಕ್ಷದಂತೆ ತುಂಬಿ, ನಿಮಿಷಕ್ಕೆ 1 ಡಿಗ್ರಿಯಂತೆ ಮೈನಸ್ 80ಕ್ಕೆ ಇಳಿಸಿ, ಆಮೇಲೆ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ಗೆ ಹಾಕುತ್ತಾರೆ. ಬೇಗ ತಣಿಸಿದರೆ ಕೋಶದೊಳಗೇ ಹಿಮದ ಹರಳು ಕಟ್ಟಿ ಸೀಳುತ್ತದೆ, ತೀರ ನಿಧಾನವಾದರೆ ನೀರೆಲ್ಲ ಹೊರಹೋಗಿ ಕೋಶ ಬಾಡುತ್ತದೆ. ಕರಗಿಸುವಾಗ ಇದಕ್ಕೆ ವಿರುದ್ಧ: 37 ಡಿಗ್ರಿ ನೀರಿನಲ್ಲಿ ಒಂದೆರಡು ನಿಮಿಷದಲ್ಲಿ ಕರಗಿಸಿ, ಡಿಎಂಎಸ್‌ಒ ಕೂಡಲೇ ತೊಳೆಯಬೇಕು.

ಮಲೆನಾಡಿಗೆ ಈ ನೈಟ್ರೋಜನ್ ಜಾಡಿ ಅಪರಿಚಿತವಲ್ಲ. ಹಸುವಿಗೆ ಇಂಜೆಕ್ಷನ್ ಕೊಡಲು ಬರುವವರು ವೀರ್ಯದ ಸ್ಟ್ರಾ ತರುವುದು ಅದರಲ್ಲೇ. ಮೈನಸ್ 80 ಡಿಗ್ರಿಯ ಫ್ರೀಜರ್‌ಗೆ ಕರೆಂಟ್ ಬೇಕು, ಜುಲೈ ಗಾಳಿಗೆ ಲೈನ್ ಹೋದರೆ ಜನರೇಟರ್ ಇಲ್ಲದ ಕಡೆ ಎಲ್ಲವೂ ಕರಗುತ್ತದೆ. ಜಾಡಿಗೆ ಕರೆಂಟ್ ಬೇಡ, ಕಾಲಕಾಲಕ್ಕೆ ದ್ರವ ತುಂಬಿಸಿದರೆ ಸಾಕು. ಮಟ್ಟವನ್ನು ಕಡ್ಡಿ ಇಳಿಸಿ ವಾರಕ್ಕೊಮ್ಮೆಯಾದರೂ ಅಳೆಯಬೇಕು. ರಸ್ತೆ ಕುಸಿದು ಗಾಡಿ ಬಾರದ ದಿನಗಳಿಗೆಂದು ಮಳೆಗಾಲಕ್ಕೆ ಮೊದಲೇ ಪೂರ್ತಿ ತುಂಬಿಸಿಟ್ಟುಕೊಳ್ಳಬೇಕು. ಜಾಡಿಯ ಹೊರಮೈ ಬೆವರುತ್ತಿದ್ದರೆ, ಕತ್ತಿನ ಸುತ್ತ ಮಂಜು ಕಟ್ಟಿದ್ದರೆ ಒಳಗಿನ ನಿರ್ವಾತ ಹೋಗಿದೆ ಎಂದರ್ಥ, ಅದೇ ದಿನ ಬೇರೆ ಜಾಡಿಗೆ ವರ್ಗಾಯಿಸಬೇಕು. ಮಳೆಯೆಂದು ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಾಗಲಿ ಕಾರಿನಲ್ಲಾಗಲಿ ಜಾಡಿ ಇಡಲೇಬಾರದು. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಆಮ್ಲಜನಕವನ್ನು ಹೊರದೂಡುತ್ತದೆ, ವಾಸನೆಯೂ ಇರುವುದಿಲ್ಲ.

ಗಾಳಿಮಳೆಯ ಮರುದಿನ ಮರದಡಿ, ರಸ್ತೆಯಲ್ಲಿ, ಹಳ್ಳದ ಬದಿಯಲ್ಲಿ ಕಾಡುಪ್ರಾಣಿ ಸತ್ತು ಬಿದ್ದಿದ್ದು ಕಂಡರೆ ಮುಟ್ಟಬೇಡಿ. ಹಲ್ಲು, ಉಗುರು, ಚರ್ಮ ಎತ್ತಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮಾದರಿ ತೆಗೆಯುವುದು ಅನುಮತಿಯಿರುವ ಪಶುವೈದ್ಯರ ಕೆಲಸ. ಮಂಗ ಸತ್ತಿದ್ದರಂತೂ, ಅದರಲ್ಲೂ ನವೆಂಬರಿನಿಂದ ಮೇ ತನಕ, ಹತ್ತಿರ ಸುಳಿಯಲೇಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಉಣುಗುಗಳು ಹೆಣ ಬಿಟ್ಟು ಸುತ್ತಲ ದರಗಿನಲ್ಲಿ ಹರಡಿಕೊಂಡಿರುತ್ತವೆ. ದೂರದಿಂದ ಫೋಟೋ ತೆಗೆದು, ಜಾಗ ಗುರುತಿಸಿ, ಹತ್ತಿರದ ವಲಯ ಅರಣ್ಯ ಕಚೇರಿಗೋ ಅರಣ್ಯ ಸಹಾಯವಾಣಿ 1926ಕ್ಕೋ ತಿಳಿಸಿ. ಮಂಗನಾದರೆ ಆರೋಗ್ಯ ಕೇಂದ್ರಕ್ಕೂ ಹೇಳಿ. ಯಾವಾಗ ಕಂಡಿರಿ, ಹಿಂದಿನ ಸಂಜೆ ಅದೇ ದಾರಿಯಲ್ಲಿ ಹೋದಾಗ ಇತ್ತೋ ಇಲ್ಲವೋ, ರಾತ್ರಿ ಮಳೆ ಎಷ್ಟು ಹೊತ್ತು ಹೊಡೆಯಿತು ಎಂಬ ಮೂರು ಮಾತನ್ನು ತಪ್ಪದೆ ಹೇಳಿ. ಸತ್ತು ಎಷ್ಟು ಗಂಟೆಯಾಗಿರಬಹುದೆಂದು ಪಶುವೈದ್ಯರು ಅಂದಾಜಿಸುವುದು, ಕಿವಿಯ ಚರ್ಮದಲ್ಲಿ ಜೀವಂತ ಕೋಶ ಇನ್ನೂ ಸಿಕ್ಕೀತೇ ಎಂದು ನಿರ್ಧರಿಸುವುದು ಆ ಮಾತುಗಳ ಮೇಲೆಯೇ.